ಸಕ್ಕರೆ ಅಚ್ಚು: ಎರೆದವರು ಮತ್ತು ಬೀರಿದವರು

ಕಳೆದ ಸಂಕ್ರಾಂತಿಗೆ ಮೂರು ದಿನಗಳಿದ್ದಾಗ ಬಸವೇಶ್ವರನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಅಡುಗೆಮನೆಯನ್ನು ಸಂಪೂರ್ಣವಾಗಿ ವಶಪಡಿಸಿಕೊಂಡಿದ್ದಳು. ಮೈದಾ, ಬೆಣ್ಣೆ, ಬೆಲ್ಲದ ಪುಡಿ, ಹುರಿದ ಎಳ್ಳು ಎಲ್ಲವೂ ಕಟ್ಟೆಯ ಮೇಲೆ ಹರಡಿದ್ದವು. ವಿಚಾರಿಸಲಾಗಿ, ಹಬ್ಬಕ್ಕೆಂದು ಕಪ್‌ಕೇಕ್ ತಯಾರಿಸುತ್ತಿರುವುದಾಗಿಯೂ, ಪ್ರತಿಯೊಂದು ಕೇಕಿನ ನೆತ್ತಿಯ ಮೇಲೆ ಒಂದೊಂದು 'ಟಾಪರ್' ಇಡಬೇಕಾಗಿರುವುದಾಗಿಯೂ ತಿಳಿಯಬಂತು. ಟಾಪರ್ ಎಂದರೆ ನಾನು ತರಗತಿಗೆ ಪ್ರಥಮ ಬಂದವನೆಂದೇ ನಲವತ್ತು ವರ್ಷ ತಿಳಿದವನು! ಇಲ್ಲಿ ಅದರ ಅರ್ಥ ಬೇರೆ: ಕೇಕಿನ ಮೇಲೆ ನಿಲ್ಲಿಸುವ, ಕೊನೆಗೆ ತಿಂದೂ ಬಿಡಬಹುದಾದ ಸಕ್ಕರೆಯ ಗೊಂಬೆ. ಗಾಳಿಪಟ, ಕಬ್ಬಿನ ಜಲ್ಲೆ, ಗಿಳಿ, ಆನೆ ಇವೆಲ್ಲ ಆಕೆಗೆ ಬೇಕಾಗಿದ್ದವು. ಅವನ್ನು ಮಾಡಲು ಅಂಗಡಿಯಿಂದ ತಂದ ಸಕ್ಕರೆಯ ಕಣಕದ ಪೊಟ್ಟಣದ ಮೇಲೆ ಜೆಲಾಟಿನ್ ಎಂದು ಬರೆದಿದ್ದುದರಿಂದ ಮಗಳು ಅದನ್ನು ಅಡುಗೆಮನೆಯ ಒಳಗೇ ಬಿಟ್ಟಿರಲಿಲ್ಲ. ತಾಯಿಗೂ ಮಗಳಿಗೂ ಮಾತು ನಿಂತಿತ್ತು.

"ನಿನ್ನ ಟಾಪರುಗಳು ರಾಜಾಜಿನಗರದ ಮನೆಯ ಅಟ್ಟದ ಮೇಲೆ ಕೂತಿವೆ ಕಣೆ, ನಾಳೆ ತಂದುಕೊಡುತ್ತೇನೆ" ಎಂದೆ.

ಮರುದಿನ ಏಣಿ ಹತ್ತಿ, ಹಳೆಯ ಟ್ರಂಕಿನ ತಳದಿಂದ ಬಿಳಿಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಮರದ ಅಚ್ಚುಗಳನ್ನು ತೆಗೆದೆ. ಒಟ್ಟು ಹನ್ನೊಂದು ಜೋಡಿ. ಅವನ್ನು ಕೈಯಲ್ಲಿ ಹಿಡಿದಾಗ, ಇತಿಹಾಸ ಪಾಠ ಹೇಳಿಯೇ ಜೀವನ ಸಾಗಿಸಿದ ನಾನು ಈ ಹನ್ನೊಂದು ಜೋಡಿ ಮರದ ತುಂಡುಗಳ ಇತಿಹಾಸವನ್ನು ಒಂದು ಪುಟದಷ್ಟೂ ಬರೆದಿಡಲಿಲ್ಲವಲ್ಲ ಎನ್ನಿಸಿತು. ಈ ಬರಹ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ದೂರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಬಂಧುಗಳ ಮಕ್ಕಳಿಗಾಗಿ ಮೊದಲು ಒಂದಿಷ್ಟು ವಿವರಣೆ ಹೇಳಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಮಕರ ಸಂಕ್ರಾಂತಿಯಂದು ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಇವನ್ನು ಬೆರೆಸಿ ಮನೆಮನೆಗೆ ಹಂಚುವುದುಂಟು. ಇದಕ್ಕೆ ಎಳ್ಳು ಬೀರುವುದೆಂದು ಹೆಸರು. ಹೆಣ್ಣುಮಕ್ಕಳು ಹೊಸ ಬಟ್ಟೆಯುಟ್ಟು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮಗಳನ್ನಿಟ್ಟುಕೊಂಡು ಬೀದಿ ಸುತ್ತುತ್ತಾರೆ. ಆ ತಟ್ಟೆಯ ಕಿರೀಟವೇ ಸಕ್ಕರೆ ಅಚ್ಚು. ಕಾಯಿಸಿದ ಸಕ್ಕರೆ ಪಾಕವನ್ನು ಮರದ ಅಚ್ಚಿಗೆ ಎರೆದು ತೆಗೆದ ಬೆಳ್ಳನೆಯ ಬೊಂಬೆ ಅದು. ತುಳಸಿ ಬೃಂದಾವನ, ಗೋಪುರ, ಆನೆ, ಕುದುರೆ, ನವಿಲು, ಮೀನು, ಗಿಳಿ, ದೀಪದ ಕಂಬ, ಮಾವಿನಕಾಯಿ ಹೀಗೆ ನಾನಾ ರೂಪಗಳು. ನಮ್ಮ ಭಾಷೆಯಲ್ಲಿ ಎರೆಯುವ ಸಾಧನವೂ ಅಚ್ಚೇ, ಎರೆದು ಬಂದ ವಸ್ತುವೂ ಅಚ್ಚೇ. ಬೆಲ್ಲದ ಅಚ್ಚು ಎನ್ನುತ್ತೇವೆ. ಪುಸ್ತಕ ಮುದ್ರಿಸುವ ಕಡೆ ಅಚ್ಚುಕೂಟ, ಅಚ್ಚುಮೊಳೆ ಎನ್ನುತ್ತೇವೆ. ಒಂದೇ ರೂಪವನ್ನು ಸಾವಿರ ಸಲ ಮರಳಿ ಪಡೆಯುವುದು ಈ ಎಲ್ಲದರಲ್ಲಿಯೂ ಇರುವ ತತ್ತ್ವ. ಮೂಲದಲ್ಲಿ ಒಂದು ಊನವಿದ್ದರೆ ಅದೂ ಸಾವಿರ ಸಲ ಮರಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಕ್ಕರೆಯನ್ನು ರೂಪಕ್ಕೆ ಎರೆದು ಹಬ್ಬ ಆಚರಿಸುವುದು ನಮ್ಮಲ್ಲಿ ಮಾತ್ರವಿಲ್ಲ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಕ್ಕರೆ ಆರತಿ ಎಂದು ಹೆಸರು. ಅದರ ಕಾಲ ಸಂಕ್ರಾಂತಿಯಲ್ಲ, ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆ. ಬಾಗಲಕೋಟೆ ಕಡೆಯವರಾದ ನನ್ನ ಸಹೋದ್ಯೋಗಿಯೊಬ್ಬರು, ಹುಡುಗಿಗೆ ಮದುವೆ ನಿಶ್ಚಯವಾಗಿದ್ದರೆ ಆ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರಲೇಬೇಕೆಂದೂ, ಬಂದ ಬೊಂಬೆಗಳ ಗಾತ್ರದ ಬಗ್ಗೆ ಓಣಿಯಲ್ಲೆಲ್ಲ ಚರ್ಚೆಯಾಗುತ್ತಿತ್ತೆಂದೂ ಹೇಳುತ್ತಿದ್ದರು. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನದ ಹಬ್ಬಕ್ಕೆ ಮರದ ಅಚ್ಚಿನಲ್ಲಿ ಸಕ್ಕರೆಯ ಹೆಣ್ಣುಗೊಂಬೆಯನ್ನೂ ಕುದುರೆ ಸವಾರನನ್ನೂ ಎರೆಯುವ ಬಹು ಹಳೆಯ ಪದ್ಧತಿಯಿದೆ. ಇಟಲಿಯ ಸಿಸಿಲಿ ದ್ವೀಪದಲ್ಲಿ ನವೆಂಬರ್ 2ರಂದು, ಅಗಲಿದ ಹಿರಿಯರ ನೆನಪಿನ ದಿನ, ಮಕ್ಕಳಿಗೆ ಸಕ್ಕರೆ ಬೊಂಬೆ ಕೊಡುತ್ತಾರೆ. ಮೆಕ್ಸಿಕೋದವರು ಅದೇ ದಿನಗಳಲ್ಲಿ ಸಕ್ಕರೆಯ ತಲೆಬುರುಡೆಗಳನ್ನು ಮಾಡಿ ಬಣ್ಣ ಹಚ್ಚುತ್ತಾರೆ. ಯೂರೋಪಿನ ದೊರೆಗಳ ಭೋಜನದ ಮೇಜಿನ ಮೇಲೆ ಕೋಟೆ ಕೊತ್ತಲಗಳಂಥ ಸಕ್ಕರೆ ಶಿಲ್ಪಗಳು ನಿಲ್ಲುತ್ತಿದ್ದುದುಂಟು. ಇಂದಿನ ಕೇಕಿನ ಮೇಲಿನ ಅಲಂಕಾರ ಆ ವೈಭವದ ಬಡ ಮೊಮ್ಮಗು. ಇನ್ನು ಕಪ್‌ಕೇಕ್ ಎಂಬುದು ಅಮೆರಿಕದ ಗೃಹಿಣಿಯರ ಸೃಷ್ಟಿ. 1796ರಲ್ಲಿ ಅಮೀಲಿಯಾ ಸಿಮ್ಮನ್ಸ್ ಎಂಬಾಕೆಯ ಪಾಕಪುಸ್ತಕದಲ್ಲಿ ಚಿಕ್ಕ ಬಟ್ಟಲುಗಳಲ್ಲಿ ಬೇಯಿಸುವ ಕೇಕಿನ ಮಾತು ಬರುತ್ತದೆ. 1828ರ ಎಲೈಜಾ ಲೆಸ್ಲಿಯವರ ಪುಸ್ತಕದಲ್ಲಿ 'ಕಪ್ ಕೇಕ್' ಎಂಬ ಹೆಸರೇ ಸಿಗುತ್ತದೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ ಆಕೆ ಕೇಳಿದ ಪ್ರಶ್ನೆ: "ಹಾಗಾದರೆ ಸಕ್ಕರೆ ಅಚ್ಚನ್ನು ಬರೆದವರು ಯಾರು ತಾತ?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಅಡುಗೆಯನ್ನು ಕುರಿತು ಬರೆದವರೇನೂ ಕಡಿಮೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ, ಅದೂ ವಾರ್ಧಕ ಷಟ್ಪದಿಯಲ್ಲಿ, ಸೂಪಶಾಸ್ತ್ರವನ್ನು ಬರೆದು ಹಿಟ್ಟಿನ ಭಕ್ಷ್ಯಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಒಬ್ಬ ದೊರೆ, ಒಬ್ಬ ಪಾಳೆಯಗಾರ. ಒಲೆಯ ಮುಂದೆ ಕುಳಿತವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಆದರೆ ಸಕ್ಕರೆಗೆ ದಾಖಲೆಗಳಿವೆ, ಅವು ಬಹು ಸ್ವಾರಸ್ಯಕರವಾಗಿವೆ. ಬೆಲ್ಲ ನಮ್ಮ ರೈತರ ಮನೆಯ ವಸ್ತು. ಬಿಳಿಯ ಸಕ್ಕರೆ ಹಾಗಲ್ಲ, ಬಹುಕಾಲ ಅದು ಅರಮನೆಯ ಪದಾರ್ಥ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ, ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು, ಚನ್ನಪಟ್ಟಣದಲ್ಲಿ ಅತಿ ಬಿಳುಪಾದ ಸಕ್ಕರೆಯನ್ನು ತಯಾರಿಸುವ ವಿದ್ಯೆ ಒಂದು ಕುಟುಂಬದ ಗುಟ್ಟಾಗಿ ಉಳಿದಿರುವುದನ್ನು ಗುರುತಿಸಿದ್ದಾನೆ. ನಮ್ಮ ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ಬಿಡದಿ, ರಾಮನಗರ ದಾಟಿ ಸಿಗುವ ಅದೇ ಚನ್ನಪಟ್ಟಣ. ಗೊಂಬೆಯ ಊರೇ ಸಕ್ಕರೆಯ ಊರೂ ಆಗಿತ್ತೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಅದು ರೈತರಿಂದ ಬೆಲ್ಲ ಕೊಂಡು ಶುದ್ಧೀಕರಿಸುತ್ತಿತ್ತು. ಅದರ ಸಕ್ಕರೆಗೆ 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಪದಕ ಬಂದಿತು. ಕನ್ನಂಬಾಡಿ ಕಟ್ಟೆಯ ನೀರು ಕಾಲುವೆಯಲ್ಲಿ ಹರಿದು ಮಂಡ್ಯದ ನೆಲ ಕಬ್ಬಿನ ಗದ್ದೆಯಾದ ಮೇಲೆ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಶ್ರಮವನ್ನು ಮಂಡ್ಯದ ಜನ ಇಂದಿಗೂ ನೆನೆಯುತ್ತಾರೆ. ಶುಭ್ರವಾದ ಸಕ್ಕರೆ ಸಾಮಾನ್ಯ ಗುಮಾಸ್ತನ ಮನೆಯ ಡಬ್ಬಕ್ಕೂ ಬಂದುದು ಆ ಬಳಿಕವೇ. ಅರಮನೆಗೂ ಅನುಕೂಲಸ್ಥರಿಗೂ ಸಲ್ಲುತ್ತಿದ್ದ ಬಿಳಿಯ ಬೊಂಬೆ ನಮ್ಮಂಥವರ ಎಳ್ಳಿನ ತಟ್ಟೆಗೆ ಇಳಿದುದಕ್ಕೆ ಮಂಡ್ಯವೇ ಕಾರಣವೆಂಬುದು ನನ್ನ ಊಹೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಇನ್ನು ನಮ್ಮ ಮನೆಯ ಅಚ್ಚುಗಳ ವಿಷಯ.

ಅವು ನನ್ನ ಸೋದರತ್ತೆಯವು. ನನ್ನ ತಂದೆಯ ಅಕ್ಕ. ಇಪ್ಪತ್ತೆರಡರ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡು ಒಂದು ಟ್ರಂಕಿನೊಂದಿಗೆ ತವರಿಗೆ ಮರಳಿದವರು. ಅತ್ತೆಮನೆಯಿಂದ ಒಡವೆ ಬರಲಿಲ್ಲ, ಅಚ್ಚುಗಳು ಬಂದವು. ಅಲ್ಲಿ ಯಾರಿಗೂ ಅವು ಬೇಕಾಗಿರಲಿಲ್ಲವೆಂದು ತೋರುತ್ತದೆ. ರಾಜಾಜಿಯವರ ಹೆಸರಿನ ಬಡಾವಣೆ ಇನ್ನೂ ಹೊಸದಾಗಿದ್ದಾಗ, ನಮ್ಮ ಬೀದಿಯಲ್ಲಿ ಮನೆಗಿಂತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದಾಗ, ನಾವು ಅಲ್ಲಿಗೆ ಬಂದೆವು. ಬೀದಿಯಲ್ಲಿದ್ದ ಹದಿನಾಲ್ಕು ಮನೆಗಳಿಗೂ ಸಂಕ್ರಾಂತಿಯ ಅಚ್ಚು ಎರೆದುಕೊಡುತ್ತಿದ್ದವರು ನಮ್ಮ ಅತ್ತೆ.

ಧನುರ್ಮಾಸದ ಚಳಿಯಲ್ಲಿ, ಹುಗ್ಗಿಯ ನೈವೇದ್ಯ ಮುಗಿದ ಮೇಲೆ ಕೆಲಸ ಆರಂಭ. ಆ ಮಾಸಕ್ಕೂ ಈ ಕೆಲಸಕ್ಕೂ ಸಂಬಂಧವಿದೆ. ನಮ್ಮೂರಿನ ಗಾಳಿ ಆಗ ಒಣಗಿರುತ್ತದೆ. ಸಕ್ಕರೆ ತೇವವನ್ನು ಹೀರುವ ವಸ್ತುವಾದುದರಿಂದ ಆಷಾಢದಲ್ಲಿ ಎರೆದ ಅಚ್ಚು ಅಂಟಂಟಾಗಿ ಕೂತಲ್ಲೇ ಬೆವರುತ್ತದೆ. ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಬೇಕು. ನೀರು ಕುಡಿದ ಮರಕ್ಕೆ ಪಾಕ ಅಂಟುವುದಿಲ್ಲ. ಬೆಳಿಗ್ಗೆ ಅವನ್ನು ಒರೆಸಿ, ಎರಡು ಹೋಳುಗಳನ್ನು ಜೋಡಿಸಿ, ದಾರದಿಂದ ಬಿಗಿದು, ಬಾಯಿ ಮೇಲಾಗಿ ನಿಲ್ಲಿಸುತ್ತಿದ್ದರು. ಒಂದು ಸೇರು ಸಕ್ಕರೆಗೆ ಅರ್ಧ ಸೇರು ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ಬಣ್ಣದ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆದು, ಪಾಕವನ್ನು ಒದ್ದೆ ಬಟ್ಟೆಯಲ್ಲಿ ಸೋಸಿ, ಮತ್ತೆ ಒಲೆಗೆ. ನಾಲ್ಕು ತೊಟ್ಟು ನಿಂಬೆರಸ, ಐದನೆಯದು ಬೀಳಬಾರದೆನ್ನುತ್ತಿದ್ದರು.

ಈ ಐದನೆಯ ತೊಟ್ಟಿನ ರಹಸ್ಯ ನನಗೆ ಬಿಡಿಸಿ ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು. ಹುಳಿಯಲ್ಲಿ ಕುದಿದ ಸಕ್ಕರೆ ಸ್ವಲ್ಪ ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಸಕ್ಕರೆಯ ಹರಳು ದೊಡ್ಡದಾಗಿ ಬೆಳೆಯದಂತೆ ತಡೆಯುತ್ತವೆ. ಆದ್ದರಿಂದ ಅಚ್ಚು ಒರಟಾಗದೆ ನುಣುಪಾಗುತ್ತದೆ. ಹುಳಿ ಹೆಚ್ಚಾದರೆ ಹರಳೇ ಕಟ್ಟುವುದಿಲ್ಲ, ಪಾಕ ಪಾಕವಾಗಿಯೇ ಉಳಿಯುತ್ತದೆ. ಹದ ಬರುವುದು ಸುಮಾರು 115 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಅತ್ತೆಯ ಬಳಿ ಉಷ್ಣಮಾಪಕ ಎಲ್ಲಿಂದ ಬರಬೇಕು? ಬಟ್ಟಲು ನೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಚಿಕ್ಕ ಪಾತ್ರೆಗೆ ಬಗ್ಗಿಸಿ, ಒಲೆಯಿಂದ ಇಳಿಸಿ ಸೌಟಿನಿಂದ ತಿರುವುತ್ತಿದ್ದರು. ಕನ್ನಡಿಯಂತಿದ್ದ ಪಾಕ ಇದ್ದಕ್ಕಿದ್ದಂತೆ ಮೋಡ ಕವಿದಂತೆ ಬೆಳ್ಳಗಾಗುವ ಕ್ಷಣವೊಂದಿದೆ. ಆಗ ಎರೆಯಬೇಕು. ಒಂದು ಉಸಿರು ಮೊದಲಾದರೆ ಅಚ್ಚು ಮೆತ್ತಗೆ, ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಕಲ್ಲು. ಕಾಲು ಗಂಟೆಯ ಬಳಿಕ ದಾರ ಬಿಚ್ಚಿ, ಮರದ ಬೆನ್ನಿಗೆ ಮೃದುವಾಗಿ ತಟ್ಟಿ ಬಿಡಿಸುತ್ತಿದ್ದರು. ಆನೆಯ ಸೊಂಡಿಲು, ನವಿಲಿನ ಕತ್ತು ಮುರಿದರೆ ನಮ್ಮ ಪಾಲು. ಮುರಿಯಲೆಂದು ನಾವು ದೇವರಿಗೆ ಹರಸಿಕೊಂಡದ್ದೂ ಉಂಟು.

ಗಿಳಿಯ ಅಚ್ಚಿನಲ್ಲಿ ಒಂದು ದೋಷವಿತ್ತು. ಕೊಕ್ಕಿನ ಬಳಿ ಮರ ಸ್ವಲ್ಪ ಸೀಳಿ ಬಿಟ್ಟಿತ್ತು. ಆದ್ದರಿಂದ ಅತ್ತೆ ಎರೆದ ಪ್ರತಿಯೊಂದು ಗಿಳಿಯ ಕೊಕ್ಕಿನಲ್ಲೂ ಅಕ್ಕಿಕಾಳಿನಷ್ಟು ಒಂದು ಗುಬುಟು ಬರುತ್ತಿತ್ತು, ಏನನ್ನೋ ಕಚ್ಚಿಕೊಂಡಂತೆ.

1963ರ ಏಪ್ರಿಲ್‌ನಲ್ಲಿ ಸರ್ಕಾರ ಸಕ್ಕರೆಯ ಮೇಲೆ ಮತ್ತೆ ನಿಯಂತ್ರಣ ಹೇರಿತು. ಅದು 1967ರಲ್ಲಿ ಭಾಗಶಃ ಸಡಿಲವಾಗಿ, 1978ರಲ್ಲಿ ಪೂರ್ತಿ ಹೋಗಿ, 1979ರ ಕೊನೆಗೆ ಮತ್ತೆ ಬಂದು, ಕಾರ್ಖಾನೆಗಳಿಂದ ಲೆವಿ ಸಕ್ಕರೆ ಪಡೆಯುವ ಪದ್ಧತಿ ಅಂತಿಮವಾಗಿ 2013ರಲ್ಲಿ ಮುಗಿದ ದೀರ್ಘ ಕಥೆ. ನನಗೆ ನೆನಪಿರುವುದು 1964ರ ಸಂಕ್ರಾಂತಿ. ನನಗೆ ಹತ್ತು ವರ್ಷ. ಪಡಿತರದ ಸಕ್ಕರೆ ಕಾಫಿಗೇ ಸಾಲದಿದ್ದ ಆ ಕಾಲದಲ್ಲಿ ಅಚ್ಚು ಎರೆಯುವುದೆಲ್ಲಿ? ಆದರೂ ಕಾರ್ತಿಕ ಮಾಸದಿಂದಲೇ ಬೀದಿಯ ಹೆಂಗಸರು ಕಾಫಿಗೆ ಬೆಲ್ಲ ಹಾಕಿ, ಉಳಿಸಿದ ಸಕ್ಕರೆಯನ್ನು ಚಿಕ್ಕ ಚಿಕ್ಕ ಡಬ್ಬಗಳಲ್ಲಿ ತಂದು ಅತ್ತೆಗೆ ಒಪ್ಪಿಸಿದರು. ಅತ್ತೆ ಪ್ರತಿಯೊಂದನ್ನೂ ಪಾವಿನಲ್ಲಿ ಅಳೆದು, ನನ್ನ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನನ್ನ ಕೈಯಲ್ಲೇ ಬರೆಸಿದರು. ಅತ್ತೆಗೆ ಓದಲು ಬರುತ್ತಿತ್ತು, ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಮೂರು ದಿನ ಎರೆದರು. ಪ್ರತಿಯೊಬ್ಬರಿಗೂ ಅವರವರ ಸಕ್ಕರೆಗೆ ತಕ್ಕಷ್ಟು ಅಚ್ಚು ಎಣಿಸಿ ಕಳಿಸಿದರು.

ಹಬ್ಬದ ಸಂಜೆ ನಮ್ಮ ಅಕ್ಕ ಜರಿಲಂಗ ಉಟ್ಟು ತಟ್ಟೆ ಹಿಡಿದಳು, ನಾನು ಅವಳ ಹಿಂದೆ ಕಬ್ಬಿನ ಕಂತೆ ಹೊತ್ತೆ. ಹದಿಮೂರು ಮನೆಗೆ ಹೋಗಿ ಬಂದೆವು. ಹದಿಮೂರು ಮನೆಯವರೂ ನಮ್ಮಲ್ಲಿಗೆ ಬಂದರು. ನಡುಮನೆಯಲ್ಲಿ ಅಮ್ಮ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು ಎಳ್ಳು ಪಡೆದರು. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ಇದ್ದರು. ಮಂಗಳದ ದಿನ ವಿಧವೆ ಎದುರಿಗೆ ಬರಬಾರದೆಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಬಲ್ಲ ನಿಯಮ. ಬಂದವರಲ್ಲಿ ಯಾರೂ ಕೆಟ್ಟವರಲ್ಲ. ಅಚ್ಚು ಎಷ್ಟು ಚೆಂದ ಬಂದಿದೆಯೆಂದು ಎಲ್ಲರೂ ಹೊಗಳಿದರು. ಹೊಗಳಿದ್ದು ಅಮ್ಮನ ಮುಂದೆ.

ರಾತ್ರಿ ಎಲ್ಲರೂ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ, "ಅತ್ತೆ, ನಿಮಗೆ ಯಾರೂ ಎಳ್ಳು ಕೊಡಲಿಲ್ಲವಲ್ಲ?" ಎಂದು ಕೇಳಿಬಿಟ್ಟೆ. ಅಮ್ಮ ನನ್ನ ತೋಳು ಹಿಡಿದು ಚಿವುಟಿದ ನೆನಪಿದೆ. ಅತ್ತೆ ಮಾತ್ರ ನಕ್ಕು, ಬಂದ ಎಳ್ಳಿನ ರಾಶಿಯಿಂದ ಅಚ್ಚುಗಳನ್ನು ಆರಿಸಿ ಮಣೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಆರು ಗಿಳಿಗಳು. ಆರರ ಕೊಕ್ಕಿನಲ್ಲೂ ಅದೇ ಗುಬುಟು.

"ನೋಡೋ ಮರಿ, ಎಲ್ಲಾ ಊರು ಸುತ್ತಿಕೊಂಡು ನನ್ನ ಹತ್ರಾನೇ ಬಂದ್ವು" ಎಂದರು.

ಅತ್ತೆ 1976ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಮ್ಮ ಈ ವಿದ್ಯೆಯನ್ನು ಕಲಿತಿದ್ದರು, ಬೀದಿಯ ಮನೆಗಳು ನಲವತ್ತಾಗಿದ್ದವು, ಅಂಗಡಿಯ ಅಚ್ಚು ಕಾಣಿಸಿಕೊಳ್ಳತೊಡಗಿತ್ತು. 1984ರಲ್ಲಿ ನಮ್ಮ ತಂದೆ ಹೋದರು. ಮುಂದೆ ಬರೆಯುವುದು ನನಗೆ ಸುಲಭವಲ್ಲ. ವರ್ಷ ಕಳೆದು ಹಬ್ಬ ಬಂದಾಗ ಅಮ್ಮ ಎಂದಿನಂತೆ ಅಚ್ಚು ಎರೆದರು. ನನ್ನ ಹೆಂಡತಿ ನಡುಮನೆಯಲ್ಲಿ ಕುಳಿತು ಎಳ್ಳು ಬೀರಿದಳು. ಅಮ್ಮ ತಾವಾಗಿಯೇ ಎದ್ದು ಅಡುಗೆಮನೆಯ ಬಾಗಿಲ ಹಿಂದೆ, ಅತ್ತೆ ಕೂರುತ್ತಿದ್ದ ಅದೇ ಜಾಗದಲ್ಲಿ ಹೋಗಿ ಕುಳಿತರು. ನನಗಾಗ ಮೂವತ್ತರ ಮೇಲೆ. ಶಾಲೆಯಲ್ಲಿ ರಾಜಾ ರಾಮಮೋಹನ ರಾಯರನ್ನು, ಈಶ್ವರಚಂದ್ರ ವಿದ್ಯಾಸಾಗರರನ್ನು, 1856ರ ವಿಧವಾ ಪುನರ್ವಿವಾಹ ಕಾಯಿದೆಯನ್ನು ಪಾಠ ಮಾಡುತ್ತಿದ್ದವನು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆ ಪಾಠ ನೆನಪಿರಬಹುದು. ಚೆನ್ನಾಗಿಯೇ ಮಾಡುತ್ತಿದ್ದೆನೆಂದು ನೀವು ಹೇಳಿದ್ದೀರಿ. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. "ಅಮ್ಮ, ಇಲ್ಲಿ ಬಂದು ಕುಳಿತುಕೊಳ್ಳಿ" ಎಂಬ ನಾಲ್ಕು ಮಾತು ಬೇಕಾಗಿತ್ತು, ಅಷ್ಟೆ. ಅವರಿಗೇ ಮುಜುಗರವಾದೀತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟು ವರ್ಷ ಹೀಗೆಯೇ ನಡೆಯಿತು. 1992ರಲ್ಲಿ ಹತ್ತು ವರ್ಷದ ನನ್ನ ಮಗಳು, ಯಾರನ್ನೂ ಕೇಳದೆ, ತಟ್ಟೆಯನ್ನು ಅಜ್ಜಿಯ ಕೈಗಿತ್ತು, ಅವರ ಸೆರಗು ಹಿಡಿದು ಬೀದಿಗೆ ಕರೆದುಕೊಂಡು ಹೋದಳು. ಮೊದಲ ಮನೆಯವರು ಎದ್ದು ನಿಂತು, ಅಮ್ಮನ ಕಾಲಿಗೆ ನಮಸ್ಕರಿಸಿ ಎಳ್ಳು ತೆಗೆದುಕೊಂಡರಂತೆ. ಎರಡನೆಯ ಮನೆಯಲ್ಲಿ ಪೊಟ್ಟಣವನ್ನು ಕೈಯಲ್ಲಿ ಪಡೆಯದೆ, "ಅಲ್ಲಿ ಕಟ್ಟೆಯ ಮೇಲೆ ಇಟ್ಟು ಹೋಗಿ" ಎಂದರಂತೆ. ಅಮ್ಮ ಮೂರನೆಯ ಮನೆಗೆ ಹೋಗಲಿಲ್ಲ. ಮರುವರ್ಷ ಅಚ್ಚನ್ನೂ ಎರೆಯಲಿಲ್ಲ. ಕೈನೋವೆಂದರು. ಅಚ್ಚುಗಳನ್ನು ಒಣಗಿಸಿ, ತಂದೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಸೇರಿಸಿದವರು ಅವರೇ. ಅಲ್ಲಿಂದ ನಾವೂ ಎಲ್ಲರಂತೆ ಗಾಂಧಿಬಜಾರಿನಿಂದಲೋ ಮಲ್ಲೇಶ್ವರದಿಂದಲೋ ತೂಕದ ಲೆಕ್ಕದಲ್ಲಿ ಅಚ್ಚು ತರತೊಡಗಿದೆವು.

ಈಗ ಅನೇಕ ಮನೆಗಳಲ್ಲಿ ಈ ಕಟ್ಟು ಸಡಿಲವಾಗಿದೆ. ವಿಜಯನಗರದಲ್ಲಿರುವ ನಮ್ಮ ಅಕ್ಕ ಭಾವನವರನ್ನು ಕಳೆದುಕೊಂಡು ಆರು ವರ್ಷವಾಯಿತು. ಅವಳು ಮೊದಲ ಸಂಕ್ರಾಂತಿಯಿಂದಲೂ ತಾನೇ ತಟ್ಟೆ ಹಿಡಿದು ಹೊರಡುತ್ತಾಳೆ, ಯಾರಾದರೂ ಮುಖ ಗಂಟಿಕ್ಕಿದರೆ ಅವರನ್ನೇ ಗದರಿಸುತ್ತಾಳೆ. ಸಡಿಲವಾಗದ ಮನೆಗಳೂ ಇವೆ. ಅವು ಎಲ್ಲಿವೆಯೆಂದು ಓದುಗರು ನನಗಿಂತ ಚೆನ್ನಾಗಿ ಬಲ್ಲರು.

ಮತ್ತೆ ಕಪ್‌ಕೇಕಿಗೆ ಬರೋಣ. ಅಕ್ಕನನ್ನೇ ಕರೆಸಿದೆವು, ಏಕೆಂದರೆ ಹದ ನೋಡಿ ಗೊತ್ತಿದ್ದವಳು ಅವಳೊಬ್ಬಳೇ. ಎಪ್ಪತ್ತೈದು ದಾಟಿದ ಅಕ್ಕ ಬಟ್ಟಲು ನೀರಿಗೆ ಹನಿ ಬಿಟ್ಟು ಉಂಡೆ ಕಟ್ಟಿದಳು. ಮೊಮ್ಮಗಳು ಆನ್‌ಲೈನಿನಲ್ಲಿ ತರಿಸಿದ್ದ ಉಷ್ಣಮಾಪಕವನ್ನು ಪಾಕಕ್ಕಿಟ್ಟು 114 ಎಂದಳು. ಮೂವತ್ತಕ್ಕೂ ಹೆಚ್ಚು ವರ್ಷ ಒಣಗಿದ್ದ ಮರ ಒಂದು ರಾತ್ರಿಯ ನೀರು ಸಾಲದೆ ಮೊದಲ ಎರಡು ಸಲ ಅಚ್ಚನ್ನು ಬಿಡಲೇ ಇಲ್ಲ. ಬೃಂದಾವನ ಎರಡು ಹೋಳಾಯಿತು, ಕುದುರೆಗೆ ತಲೆ ಬರಲಿಲ್ಲ. ಮತ್ತೊಂದು ರಾತ್ರಿ ನೆನೆಸಿದ ಮೇಲೆ ಒಲಿದವು. ಆದರೆ ಮೊಮ್ಮಗಳು ಅವಸರಪಟ್ಟು ಭೋಗಿಯ ರಾತ್ರಿಯೇ ಬೆಣ್ಣೆಯ ಕೆನೆಯ ಮೇಲೆ ಆನೆಗಳನ್ನು ನಿಲ್ಲಿಸಿಬಿಟ್ಟಳು. ಬೆಳಗಾಗುವಷ್ಟರಲ್ಲಿ ಕೆನೆಯ ತೇವಕ್ಕೆ ಆನೆಗಳ ಕಾಲು ಕರಗಿ ಎಲ್ಲವೂ ಮಂಡಿಯೂರಿದ್ದವು! ಮಾಡಿ ನೋಡುವವರು ಗಮನಿಸಿ: ಕೇಕಿನ ಮೇಲೆ ಸಕ್ಕರೆ ಅಚ್ಚನ್ನು ಕೊಡುವ ಗಳಿಗೆಯಲ್ಲಿ ಮಾತ್ರ ಇಡಬೇಕು. ಕೇಕಿಗೆ ಸಕ್ಕರೆಯ ಬದಲು ಬೆಲ್ಲ ಹಾಕಿ, ಮೇಲಿನ ಕೆನೆಯಲ್ಲಿ ಸಿಹಿ ಕಡಿಮೆ ಮಾಡಿದರೆ ಒಳ್ಳೆಯದು. ಇಲ್ಲವಾದರೆ ಒಂದಕ್ಕಿಂತ ಹೆಚ್ಚು ತಿನ್ನಲಾಗದು. ಹುರಿದೆಳ್ಳು ಬಾಯಿಗೆ ಸಿಕ್ಕಾಗ ಬಲು ರುಚಿ. ಮೊಟ್ಟೆಯ ಬದಲು ಮೊಸರು ಹಾಕಿದ್ದರು. ಮೊಟ್ಟೆಯ ಪ್ರಶ್ನೆ ಬಂದಾಗ ನಾನು ತಲೆ ಹಾಕಲಿಲ್ಲ. ಹಾಸನ ಸೀಮೆಯಿಂದ ಬಂದ ತಿರುಮಲಾಚಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದಂದಿನಿಂದ ನಮ್ಮೂರಿನಲ್ಲಿ ಕೇಕು ಅಯ್ಯಂಗಾರರದೇ ಆಗಿಹೋಗಿರುವಾಗ, ಸಂಕ್ರಾಂತಿಗೆ ಕೇಕೇ ಎಂದು ಮೂಗು ಮುರಿಯುವ ಹಕ್ಕು ನಮಗೆಲ್ಲಿದೆ?

ಇಪ್ಪತ್ನಾಲ್ಕು ಕಪ್‌ಕೇಕ್‌ಗಳಾದವು. ಅವರ ಅಪಾರ್ಟ್‌ಮೆಂಟಿನ ಕೆಳಗಿನ ಮೂರು ಅಂತಸ್ತುಗಳಿಗೆ ಮೊಮ್ಮಗಳೇ ಹೋಗಿ ಕೊಟ್ಟು ಬಂದಳು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದೆಂಬ ಪ್ರಶ್ನೆಯೇ ಆಕೆಗೆ ಹೊಳೆಯಲಿಲ್ಲ, ನಾವೂ ಹೊಳೆಯಿಸಲಿಲ್ಲ. ಹೊರಡುವ ಮುನ್ನ ತಟ್ಟೆಯನ್ನು ನನ್ನ ಮುಂದೆ ಹಿಡಿದು, "ತಾತ, ಈ ಗಿಳಿಗಳೆಲ್ಲ ಹಾಳಾಗಿವೆ. ಎಲ್ಲದರ ಕೊಕ್ಕಿನಲ್ಲೂ ಏನೋ ಅಂಟಿಕೊಂಡಿದೆ, ಚಾಕುವಿನಿಂದ ಕೆರೆದು ತೆಗೆಯಲೇ?" ಎಂದು ಕೇಳಿದಳು.

ಬೇಡ, ಇರಲಿ ಎಂದೆ.